ನೊಮಿಕಿ ಆ ವರ್ಷ ಸುಣ್ಣ ಹೊಡೆಯಲಿಲ್ಲ

ಬೆಳಗಿನಿಂದ ನೊಮಿಕಿ ಅಡುಗೆಮನೆಯ ಹಿಂಬಾಗಿಲನ್ನು ಏಳು ಸಲ ಮುಚ್ಚಿ ತೆಗೆದಿದ್ದಳು. ಎಂಟನೆಯ ಸಲ ಮುಚ್ಚುವಾಗ ಮೇಲಿನ ಮೂಲೆ ಚೌಕಟ್ಟಿಗೆ ಉಜ್ಜಿ ಕಿರ್ ಎಂದಿತು. ಐದನೆಯ ಸಲವೂ ಅಂದಿತ್ತು, ಆರರಲ್ಲಿ ಏಳರಲ್ಲಿ ಅಂದಿರಲಿಲ್ಲ. ಹಾಗಾದರೆ ತಪ್ಪು ಬಾಗಿಲಿನದೋ, ತನ್ನ ಕೈಯದೋ, ತೇವಕ್ಕೆ ಮರ ಉಬ್ಬಿತೋ, ಇಲ್ಲಾ ಹೊಸ್ತಿಲ ಕೆಳಗಿನ ನೆಲವೇ ಸರಿಯುತ್ತಿದೆಯೋ? ಅವಳು ಒಂಬತ್ತನೆಯ ಸಲ ಬಾಗಿಲು ತೆಗೆದಳು.

"ಆ ಬಾಗಿಲಿಗೆ ಬಾಯಿದ್ದಿದ್ರೆ ಇಷ್ಟೊತ್ತಿಗೆ ನಿನ್ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಟ್ಟಿರೋದು," ಅಂದ ಸಕೆಲಾರಿಸ್.

ಅವನು ಅವಳ ಗಂಡ. ಮೂವತ್ತು ವರ್ಷ ಸಮುದ್ರದ ತಳದಲ್ಲಿ ನಡೆದಾಡಿ ಅಲ್ಲಿ ಬೆಳೆಯುವ ಸ್ಪಂಜು ಕಿತ್ತವನು. ಒಮ್ಮೆ ಆಳದಿಂದ ಅವಸರದಲ್ಲಿ ಮೇಲೆ ಬಂದು, ನೀರಿನ ಒತ್ತಡ ಒಮ್ಮೆಲೇ ಇಳಿದ ಪೆಟ್ಟಿಗೆ ಎಡಗಾಲು ಸೋತ ಮೇಲೆ, ಮೇಜಿನ ಪಕ್ಕ ಕೂತು ಕಾಫಿ ಕುಡಿಯುತ್ತ ಲೋಕದ ತಪ್ಪು ಹುಡುಕುವುದೇ ಅವನ ಉದ್ಯೋಗ.

ಆ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಕೆಳಗೆ ಒಂದು ಕಾಗದ ಇತ್ತು. ಬಂದು ಹದಿನೈದು ದಿನವಾಗಿತ್ತು. ಉಪ್ಪು ತೆಗೆದುಕೊಂಡಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ನೊಮಿಕಿಯ ಮನೆಗೆ ವಿಮೆ ಕೊಟ್ಟಿದ್ದ ಕಂಪನಿ ಫ್ಲಾರಿಡಾದ ಸಹವಾಸವೇ ಬೇಡವೆಂದು ಗಂಟುಮೂಟೆ ಕಟ್ಟಿತ್ತು. ಅದರ ಜಾಗಕ್ಕೆ ಬಂದ ಹೊಸ ಕಂಪನಿ ಬರೆದಿತ್ತು: ಬೆಂಕಿ, ಬಿರುಗಾಳಿ ಎಲ್ಲಕ್ಕೂ ವಿಮೆ ಹಾಗೆಯೇ ಇರುತ್ತದೆ. ನೆಲ ಕುಸಿದು ಮನೆಗೆ ಆಗುವ ಹಾನಿಗೂ ಬೇಕೆಂದರೆ ವರ್ಷಕ್ಕೆ ಸಾವಿರದ ನೂರು ಡಾಲರ್ ಹೆಚ್ಚು ಕಟ್ಟಬೇಕು, ಅದಕ್ಕೂ ಮೊದಲು ನಮ್ಮವರು ಬಂದು ಮನೆ ಪರೀಕ್ಷಿಸಬೇಕು. ಬೇಡವೆಂದರೆ ಕೆಳಗೆ ಸಹಿ ಹಾಕಿ. ಮೇ ತಿಂಗಳ ಕೊನೆಯ ದಿನದವರೆಗೆ ಹಳೆಯ ಪಾಲಿಸಿ ನಡೆಯುತ್ತದೆ. ಕಾಗದದಲ್ಲಿ ಎರಡೇ ಎರಡು ಚೌಕ, ಬೇಕು, ಬೇಡ. ಅಷ್ಟು ಚಿಕ್ಕ ಚೌಕಗಳು ಮನುಷ್ಯರನ್ನು ಇಷ್ಟು ಕಾಡಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ನಮ್ಮೂರು ಟಾರ್ಪನ್ ಸ್ಪ್ರಿಂಗ್ಸಿನಲ್ಲಿ ನೆಲದ ಮಾತನ್ನು ಯಾರೂ ಎತ್ತುವುದಿಲ್ಲ. ಮೇಲೆ ಮರಳು, ಕೆಳಗೆ ಸುಣ್ಣದಕಲ್ಲು, ಆ ಕಲ್ಲನ್ನು ಒಳಗೊಳಗೇ ತಿನ್ನುವ ನೀರು. ಇದು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಎರಡು ಬೀದಿ ಆಚೆ ಒಬ್ಬರ ಕಾರು ನಿಲ್ಲಿಸುವ ಜಾಗ ಮೊಣಕಾಲುದ್ದ ಕುಸಿಯಿತು. ಅವರು ಕಂಪನಿಗೆ ಹೇಳಿದರು. ಕಂಪನಿಯವರು ಬಂದು ಕೊರೆದು ನೋಡಿ, ಸಿಮೆಂಟು ತುಂಬಿಸಿ, ಹಣವನ್ನೂ ಕೊಟ್ಟರು. ಆದರೆ ಆ ಮನೆ ನೆಲ ಕುಸಿದ ಮನೆಯೆಂದು ದಾಖಲೆಗೆ ಸೇರಿತು, ಈಗ ಅದನ್ನು ಕೊಳ್ಳುವವರಿಲ್ಲ. ಇದರಿಂದ ನಮ್ಮ ಬೀದಿಯವರು ಕಲಿತ ಪಾಠ ನೆಲವನ್ನು ನಂಬಬಾರದು ಎಂದಲ್ಲ, ಕಂಪನಿಗೆ ಹೇಳಬಾರದು ಎಂದು.

ನೊಮಿಕಿಗೆ ಮನೆ ಮಾರುವ ಯೋಚನೆ ಇರಲಿಲ್ಲ. ಅವಳ ಚಿಂತೆ ಬೇರೆ. ನಮ್ಮ ಅಜ್ಜಂದಿರು ಗ್ರೀಸಿನ ಕಲಿಮ್ನೋಸ್ ದ್ವೀಪದಿಂದ ಹಡಗು ಹತ್ತಿ ಬರುವಾಗ ಸ್ಪಂಜಿನ ಕಸುಬಿನ ಜೊತೆ ಇನ್ನೊಂದು ಪದ್ಧತಿಯನ್ನೂ ತಂದರು. ನಮ್ಮಲ್ಲಿ ಮನೆ ಹೆಣ್ಣಿನದು. ಹಿರಿಮಗಳಿಗೆ ಮದುವೆಯಾದ ದಿನ ತಾಯಿ ಮನೆಯ ಕೀಲಿಯನ್ನು ಅವಳ ಕೈಗಿಟ್ಟು, ಗಂಡನನ್ನು ಕರೆದುಕೊಂಡು ಹೊರಗೆ ನಡೆಯಬೇಕು. ನೊಮಿಕಿಗೆ ಅವಳ ತಾಯಿ ಹಾಗೇ ಕೊಟ್ಟಿದ್ದಳು. ಈಗ ಪಾಸ್ಕ, ಅಂದರೆ ಈಸ್ಟರ್ ಹಬ್ಬ, ಕಳೆದ ಮೂರನೆಯ ಭಾನುವಾರ ನೊಮಿಕಿಯ ಮಗಳು ಕಲೊತಿನಾಳ ಮದುವೆ. ನೊಮಿಕಿ ಕೆಲಸ ಮಾಡುವ ಸ್ಪಂಜಿನ ಅಂಗಡಿಯ ಮೇಲೆ ತನಗೂ ಗಂಡನಿಗೂ ಎಂದು ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಾಗಿತ್ತು, ಪಾತ್ರೆಗಳು ಅರ್ಧ ಅಲ್ಲಿಗೆ ಹೋಗಿದ್ದವು. ಮಗಳು ಹುಟ್ಟಿದಾಗಿನಿಂದ ಅವಳು ಕಾದಿದ್ದ ದಿನ ಅದು. ಆ ದಿನ ಮಗಳ ಕೈಗೆ ಕೊಡುವುದು ಮನೆಯೋ, ಬಾಯಿ ತೆರೆಯಲು ಕಾದಿರುವ ಗುಂಡಿಯೋ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ.

ಅಂಗಡಿಯಲ್ಲಿ ಅವಳು ಕುರಿಯ ಉಣ್ಣೆ ತೆಗೆಯುವಂಥ ದೊಡ್ಡ ಕತ್ತರಿಯಿಂದ ಸ್ಪಂಜುಗಳನ್ನು ದುಂಡಗೆ ಕತ್ತರಿಸಿ, ಕಲ್ಲು ಚಿಪ್ಪು ಆರಿಸಿ, ಜಾತಿ ನೋಡಿ ಬುಟ್ಟಿಗೆ ಹಾಕುತ್ತಾಳೆ. ಮೂವತ್ತೈದು ವರ್ಷದಿಂದ ಇದೇ ಕೆಲಸ, ಕಣ್ಣು ಮುಚ್ಚಿ ಮಾಡಬಲ್ಲಳು. ಆ ವಾರ ಕಣ್ಣು ತೆರೆದೇ ಒಂದು ಒಳ್ಳೆಯ ಸ್ಪಂಜನ್ನು ನಡುವೆ ಸೀಳಿಬಿಟ್ಟಳು. ಅಂಗಡಿಯ ಯಜಮಾನ ಅದನ್ನು ಎತ್ತಿ ಹಿಡಿದು, "ಇದನ್ನ ಯಾರಿಗೆ ಮಾರ್ಲಿ, ಅರ್ಧ ಮೈ ಮಾತ್ರ ತೊಳ್ಕೊಳೋರಿಗಾ?" ಅಂದ. ಅವಳಿಗೆ ನಗು ಬರಲಿಲ್ಲ. ಕತ್ತರಿ ಇಟ್ಟು ಮಿಕೆಸ್ ಕಚೇರಿಗೆ ನಡೆದಳು.

ಮಿಕೆಸ್ ವಿಮೆ ಏಜೆಂಟ್. ಕಲೊತಿನಾಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿ ಹಿಡಿದ ಧರ್ಮಪಿತನೂ ಅವನೇ. ಆ ನಂಟಿನವರನ್ನು ನಮ್ಮಲ್ಲಿ ಸಿಂತೆಕ್ನೆ ಎಂದು ಕರೆಯುತ್ತಾರೆ, ಒಡಹುಟ್ಟಿಗಿಂತ ಒಂದು ತೂಕ ಹೆಚ್ಚು.

"ಸಿಂತೆಕ್ನೆ, ಒಂದೇ ಮಾತಲ್ಲಿ ಹೇಳು. ಇಟ್ಕೊಳ್ಲಾ, ಬಿಡ್ಲಾ?"

"ಬಿಡು," ಅಂದ ಮಿಕೆಸ್. "ನೆಲ ನಿಜವಾಗ್ಲೂ ಬಾಯ್ ಬಿಟ್ಟು, ಮನೆ ವಾಸಕ್ಕೆ ಲಾಯಕ್ಕಿಲ್ಲ ಅಂತ ಸರ್ಕಾರದೋರು ಬೀಗ ಹಾಕಿದ್ರೆ, ಅದಕ್ಕೆ ಹೇಗೂ ಪರಿಹಾರ ಇದೆ. ಎಲ್ಲಾ ಪಾಲಿಸೀಲೂ ಅದು ಇರ್ಲೇಬೇಕು, ಕಾನೂನು."

"ಬಾಯ್ ಬಿಡೋಕ್ ಮುಂಚೆ?"

"ಮುಂಚೆ ಅಂದ್ರೆ?"

"ಗೋಡೆ ಸೀಳಿದೆ, ಬಾಗ್ಲು ಕೂರ್ತಿಲ್ಲ, ನೆಲ ಒಂದ್ ಕಡೆ ವಾಲಿದೆ. ಆದ್ರೆ ಯಾರೂ ಒಳಗೆ ಬಿದ್ದಿಲ್ಲ. ಆಗ?"

ಮಿಕೆಸ್ ಕನ್ನಡಕ ತೆಗೆದು ಒರೆಸಿದ. "ಆಗ ಈ ಹೆಚ್ಚಿನ ಭಾಗ ಇದ್ರೇನೇ ದುಡ್ಡು."

"ಮತ್ತೆ ಬಿಡು ಅಂತೀಯಲ್ಲ. ಒಂದ್ಸಲ ಬಿಟ್ಟು ಆಮೇಲೆ ಬೇಕು ಅಂದ್ರೆ ಕೊಡ್ತಾರಾ?"

"ನಮ್ಮ ಬೀದಿ ಹೆಸ್ರು ಕೇಳಿದ್ರೆ ಯಾರು ಕೊಡ್ತಾರೆ? ನೋಡು ನೊಮಿಕಿ, ನಾನು ಅಣ್ಣನ ಥರ ಹೇಳ್ತಿದೀನಿ. ಬೇಕು ಅಂದ್ರೆ ಒಬ್ಬ ನೋಡೋಕ್ ಬರ್ತಾನೆ. ನೋಡಿದ್ದನ್ನ ಬರೀತಾನೆ. ಬರೆದದ್ದನ್ನ ನಾನು ಅಳಿಸೋಕಾಗಲ್ಲ, ನಿನ್ನ ಪಾದ್ರೀನೂ ಅಳಿಸೋಕಾಗಲ್ಲ. ಮಗಳಿಗೆ ಹೆಸ್ರು ಕೆಟ್ಟಿರೋ ಮನೆ ಕೊಡ್ತೀಯಾ?"

ಅವಳು ಎದ್ದು ಬಾಗಿಲವರೆಗೆ ಹೋದಾಗ ಅವನೇ ದನಿ ತಗ್ಗಿಸಿದ. "ಕರೆಸ್ಲೇಬೇಕು ಅಂತಿದ್ರೆ ಪಾಸ್ಕ ಆದ್ಮೇಲೆ ಕರೆಸ್ತೀನಿ. ಅಷ್ಟೊತ್ತಿಗೆ ಹೇಗೂ ಸುಣ್ಣ ಹೊಡ್ದಿರ್ತೀಯ. ಗೋಡೆ ಮದುಮಗಳ ಥರ ಇರತ್ತೆ. ಅರ್ಧ ಗಂಟೇಲಿ ನೋಡ್ಕೊಂಡು ಹೋಗ್ತಾನೆ."

ಮಿಕೆಸ್ ಕೆಟ್ಟವನಲ್ಲ. ನಮ್ಮವರೆಲ್ಲ ಯೋಚಿಸುವ ಹಾಗೆ ಅವನೂ ಯೋಚಿಸಿದ, ಅಷ್ಟೇ. ಹಬ್ಬ ಮುಗಿದ ಮಂಗಳವಾರವೆಂದು ಗೊತ್ತುಮಾಡಿಸಿಕೊಂಡು ನೊಮಿಕಿ ಬರುವ ದಾರಿಯಲ್ಲೇ ಸುಣ್ಣ, ಪುಟ್ಟಿ, ಹೊಸ ಕುಂಚ ಕೊಂಡಳು. ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ.

ಪಾಸ್ಕದ ಹಿಂದಿನ ವಾರ ನಮ್ಮ ಬೀದಿಯಲ್ಲಿ ಸುಣ್ಣದ ವಾಸನೆ ಬಿಟ್ಟರೆ ಬೇರೆ ವಾಸನೆ ಇರುವುದಿಲ್ಲ. ಹೆಂಗಸರು ತಲೆಗೆ ಬಟ್ಟೆ ಕಟ್ಟಿ ಏಣಿ ಹತ್ತುತ್ತಾರೆ. ಹಳೆಯ ಪದರ ಕೆರೆದು, ಬಿರುಕಿಗೆ ಪುಟ್ಟಿ ತುಂಬಿ, ಎರಡು ಕೈ ಬಿಳಿ ಬಳಿದು, ಕಿಟಕಿಯ ಸುತ್ತ ನೀಲಿ ಪಟ್ಟಿ ಎಳೆದರೆ ಕೆಲಸ ಮುಗಿಯಿತು. ಸೋಮವಾರ ಬೆಳಗ್ಗೆ ನೊಮಿಕಿಯೂ ಕರಣೆ ಹಿಡಿದು ಮುಂಭಾಗದ ಕಿಟಕಿಯ ಕೆಳಗೆ ಕೂತಳು. ಅಲ್ಲೊಂದು ಬಿರುಕು, ಮೆಟ್ಟಿಲು ಮೆಟ್ಟಿಲಾಗಿ ಇಳಿದು ನೆಲ ಮುಟ್ಟಿತ್ತು. ಹೋದ ವರ್ಷವೂ ಇಲ್ಲೇ ತುಂಬಿದ್ದಳು. ಅದರ ಹಿಂದಿನ ವರ್ಷವೂ. ಅದು ಹೋದ ವರ್ಷ ಇಷ್ಟೇ ಅಗಲವಿತ್ತೋ, ಕಡಿಮೆಯಿತ್ತೋ? ನೆನಪಿಗೆ ಬರಲಿಲ್ಲ. ಹೇಗೆ ಬಂದೀತು? ಪ್ರತಿ ವರ್ಷ ತಾನೇ ಮುಚ್ಚಿದ್ದಾಳೆ, ಮೇಲೆ ಬಿಳಿ ಬಳಿದಿದ್ದಾಳೆ, ಒಳ್ಳೆಯ ಹೆಂಗಸು ಎನ್ನಿಸಿಕೊಂಡಿದ್ದಾಳೆ. ಇದು ಅದೇ ಬಿರುಕೋ ಅದರ ಮಗಳೋ ಎಂದು ಹೇಳಲು ಅವಳ ಬಳಿ ಸಾಕ್ಷಿಯೇ ಉಳಿದಿರಲಿಲ್ಲ.

ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಮೂವತ್ತು ವರ್ಷ ಈ ಮನೆ ತನಗೆ ಏನೋ ಹೇಳುತ್ತಿತ್ತು, ಪ್ರತಿ ಏಪ್ರಿಲ್‌ನಲ್ಲೂ ತಾನು ಅದರ ಬಾಯಿಗೆ ಪುಟ್ಟಿ ತುರುಕುತ್ತಿದ್ದೆ ಎನ್ನಿಸಿತು. ಕರಣೆಯನ್ನು ಬಕೆಟ್ಟಿಗೆ ಎಸೆದು ಒಳಗೆ ಹೋದಳು.

"ಮುಗೀತಾ ಆಗ್ಲೇ?" ಅಂದ ಸಕೆಲಾರಿಸ್.

"ಈ ವರ್ಷ ಹೊಡೆಯಲ್ಲ. ಬರೋನು ಇದ್ದದ್ದನ್ನ ಇದ್ದ ಹಾಗೆ ನೋಡ್ಲಿ."

"ಬೀದಿಯೋರು?"

"ಅವರೂ ನೋಡ್ಲಿ."

ಬೀದಿಯವರು ನೋಡಿದರು. ನಮ್ಮಲ್ಲಿ ಪಾಸ್ಕಕ್ಕೆ ಸುಣ್ಣ ಕಾಣದ ಮನೆಯೆಂದರೆ ಸಾವಿನ ಮನೆ. ಬುಧವಾರ ಬೆಳಗ್ಗೆ ಎದುರು ಮನೆಯ ಎವ್ದೊಕಿಯಾ ಕಪ್ಪು ಶಾಲು ಹೊದ್ದು, ಒಣ ರೊಟ್ಟಿ, ಸಕ್ಕರೆ ಹಾಕದ ಕಾಫಿಯ ಪಾತ್ರೆ ಹಿಡಿದು, ಅಳು ಮೋರೆ ಮಾಡಿಕೊಂಡು ಬಂದಳು. ಒಳಗೆ ಕಾಲಿಟ್ಟವಳೇ ಸಕೆಲಾರಿಸನನ್ನು ನೋಡಿ ಗಕ್ಕನೆ ನಿಂತಳು.

"ನೀನು ಇದೀಯಾ?"

"ಇದೀನಿ," ಅಂದ ಅವನು. "ಬೇಜಾರಾಯ್ತಾ? ಕಾಫಿ ವಾಪಸ್ ತಗೊಂಡು ಹೋಗ್ತೀಯೇನು?"

"ಮತ್ಯಾರು, ನೊಮಿಕಿ? ದ್ವೀಪದಿಂದ ಏನಾದ್ರೂ ಫೋನ್ ಬಂತಾ?"

"ಯಾರೂ ಸತ್ತಿಲ್ಲ, ಎವ್ದೊಕಿಯಾ. ಸುಣ್ಣ ಹೊಡ್ದಿಲ್ಲ, ಅಷ್ಟೇ."

"ಅಷ್ಟೇ ಅಂದ್ರೆ? ಮಗಳ ಮದುವೆ ಇಟ್ಕೊಂಡು ಮನೇನ ಹೀಗೆ ಬಿಟ್ಟಿದೀಯ. ನನ್ನ ಮಗ ಬೇಕಾದ್ರೆ ಬಂದು ಹೊಡ್ಕೊಡ್ತಾನೆ."

"ಬೇಡ."

ಎವ್ದೊಕಿಯಾ ಗೋಡೆಯ ಮೇಲಿನ ಬಿರುಕನ್ನು ನೋಡಿದಳು. ಆಮೇಲೆ ಅದಕ್ಕೆ ಬೆನ್ನು ತಿರುಗಿಸಿ ಕಾಫಿ ಬಗ್ಗಿಸಲು ಶುರುಮಾಡಿದಳು. ಸತ್ತವರಿಗೆಂದು ತಂದ ಕಾಫಿಯನ್ನು ಮೂವರೂ ಕೂತು ಕುಡಿದರು.

ಮಧ್ಯಾಹ್ನ ಬೀಗಿತ್ತಿಯ ಫೋನು. ಅವಳ ಮಾತಿನಲ್ಲಿ ಜೇನೂ ಇತ್ತು, ಮುಳ್ಳೂ ಇತ್ತು. "ಏನಿಲ್ಲ, ಸುಮ್ನೆ ಕೇಳಿದೆ. ಮನೆ ಕೊಡೋ ವಿಷಯದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ಈಗ್ಲೇ ಹೇಳಿದ್ರೆ ಒಳ್ಳೇದು. ನಮ್ಮ ಯಾಕುಮಿ ಬಾಯ್ಬಿಟ್ಟು ಕೇಳೋ ಹುಡುಗ ಅಲ್ಲ." ಹುಡುಗ ಕೇಳುವವನಲ್ಲವೆಂದು ತಾಯಿ ಕೇಳುತ್ತಿದ್ದಳು. ಹೆಚ್ಚುಕಮ್ಮಿ ಏನೂ ಇಲ್ಲವೆಂದು ನೊಮಿಕಿ ಹೇಳಿ ಫೋನಿಟ್ಟಳು, ಇಟ್ಟ ಮೇಲೆ ತಾನು ಹೇಳಿದ್ದು ಸುಳ್ಳೇ ನಿಜವೇ ಎಂದು ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ ಓಡಾಡಿದಳು.

ಎಲ್ಲರಿಗಿಂತ ಹೆಚ್ಚು ಕೂಗಾಡಿದ್ದು ಕಲೊತಿನಾ. ಪಕ್ಕದ ಊರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಇಪ್ಪತ್ತೇಳು ವಯಸ್ಸು, ಸಾಮಾನ್ಯವಾಗಿ ದನಿ ಎತ್ತುವವಳಲ್ಲ.

"ಹೊಡಿ ಅಮ್ಮ, ದಯವಿಟ್ಟು ಹೊಡಿ. ನಿನ್ ಕೈಲಾಗಲ್ಲ ಅಂದ್ರೆ ನಾನು ಹೊಡೀತೀನಿ."

"ಕೈಲಾಗ್ದೆ ಅಲ್ಲ."

"ಮತ್ಯಾಕೆ? ಆ ಕಾಗದಕ್ಕೆ ಬೇಡ ಅಂತ ಸಹಿ ಹಾಕಿದ್ರೆ ಎಲ್ಲಾ ಮುಗೀತಲ್ಲ. ಯಾರೂ ನೋಡೋಕೂ ಬರಲ್ಲ, ಸಾವಿರ ಡಾಲರೂ ಉಳಿಯತ್ತೆ."

"ಆ ಮನೇಲಿ ಮಲಗೋಳು ನೀನು. ನಾನು ನೋಡ್ದೆ ಹ್ಯಾಗ್ ಕೊಡ್ಲಿ?"

"ಇಪ್ಪತ್ತೇಳು ವರ್ಷದಿಂದ ಮಲಗ್ತಿದೀನಿ," ಅಂದು ಕಲೊತಿನಾ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲು ಕೂರಲು ಎರಡು ಸಲ ತಳ್ಳಬೇಕಾಯಿತು.

ಗುರುವಾರ ಬೇಯಿಸಿದ ಮೊಟ್ಟೆಗಳಿಗೆ ಕೆಂಪು ಬಣ್ಣ ಹಾಕುವ ದಿನ. ಒಂದು ಮೊಟ್ಟೆ ನೊಮಿಕಿಯ ಕೈಯಿಂದ ಜಾರಿ ಒಡೆಯದೆ ನೆಲಕ್ಕೆ ಬಿದ್ದು ಉರುಳಿತು. ಉರುಳಿದ್ದು ನಿಲ್ಲಲಿಲ್ಲ, ಕಲೊತಿನಾಳ ಕೋಣೆಯ ಕಡೆಗೆ ಹೋಯಿತು. ಅವಳು ಇನ್ನೊಂದನ್ನು ಬೇಕೆಂದೇ ಬಿಟ್ಟಳು. ಅದೂ ಅತ್ತಲೇ. ಮೂರನೆಯದು ಮೇಜಿನ ಕಾಲಿಗೆ ತಗುಲಿತು, ಅದು ಲೆಕ್ಕಕ್ಕಿಲ್ಲ. ಮಂಡಿಯೂರಿ ಕೂತು ಒಂದರ ಹಿಂದೆ ಒಂದು ಹನ್ನೆರಡು ಮೊಟ್ಟೆ ಉರುಳಿಸಿದಳು. ಒಂಬತ್ತು ಆ ಕೋಣೆಯ ಹೊಸ್ತಿಲಲ್ಲಿ ಗುಂಪಾಗಿ ನಿಂತವು.

"ಮೊಟ್ಟೆ ಅಂದ್ಮೇಲೆ ಉರುಳತ್ತೆ," ಅಂದ ಸಕೆಲಾರಿಸ್. "ನಾನು ನೂರಡಿ ಕೆಳಗೆ ನಡೆದು ಬಂದೋನು. ಕೆಳಗಿರೋದಕ್ಕೆಲ್ಲ ಹೆದರ್ಕೊಂಡ್ರೆ ಬದುಕೋಕಾಗಲ್ಲ ಕಣೇ."

"ನೀನು ಕೆಳಗೆ ಹೋಗುವಾಗ ಮೇಲೆ ಹಗ್ಗ ಹಿಡಿಯೋರು ಇದ್ರು."

ಅವನು ಸೋತ ಕಾಲನ್ನು ನೀವಿಕೊಂಡ. ಹೆದರಿಕೆ ಅವನಿಗೂ ಇತ್ತು, ಹೇಳಿಕೊಳ್ಳುವ ಅಭ್ಯಾಸ ಇರಲಿಲ್ಲ.

ಹಬ್ಬ ಬಂತು, ಹೋಯಿತು. ಇಗರ್ಜಿಯಲ್ಲಿ ಜನ ನೊಮಿಕಿಯ ಕೈ ಕುಲುಕಿ ಶುಭಾಶಯ ಹೇಳುವಾಗ ಸ್ವಲ್ಪ ಹೊತ್ತು ಹೆಚ್ಚಾಗಿಯೇ ಹಿಡಿದುಕೊಳ್ಳುತ್ತಿದ್ದರು. ಮಂಗಳವಾರ ಹತ್ತು ಗಂಟೆಗೆ ಪರೀಕ್ಷೆಯವನು ಬಂದ. ಹೊಲಿಸ್ ಎಂಬ ತೆಳ್ಳಗಿನ ಮನುಷ್ಯ. ಶೂಗಳ ಮೇಲೆ ಬಟ್ಟೆಯ ಚೀಲ ತೊಟ್ಟುಕೊಂಡೇ ಒಳಗೆ ಬಂದ, ಅದರಿಂದಲೇ ನೊಮಿಕಿಗೆ ಅವನ ಮೇಲೆ ಒಳ್ಳೆಯ ಅಭಿಪ್ರಾಯ ಹುಟ್ಟಿತು. ಅಂಗಳ ಸುತ್ತಿದ, ಬಾಗಿಲು ಕಿಟಕಿ ತೆಗೆದು ಹಾಕಿದ, ರಸಮಟ್ಟ ಇಟ್ಟು ನೆಲ ನೋಡಿದ, ಮುಂದಿನ ಬಿರುಕಿಗೆ ಗೀಟು ಹಾಕಿದ ಪಟ್ಟಿ ಹಿಡಿದು ಅಗಲ ಬರೆದುಕೊಂಡ. ನೊಮಿಕಿ ಅವನ ಹಿಂದೆಯೇ ಕೈ ಹೊಸಕುತ್ತ ನಡೆದಳು. ಅವನು "ಹೂಂ" ಅಂದಾಗಲೆಲ್ಲ ಅವಳು ಅವನ ಹೆಗಲ ಮೇಲಿಂದ ಇಣುಕಿ ಏನು ಬರೆದನೆಂದು ನೋಡುತ್ತಿದ್ದಳು.

ಕಲೊತಿನಾಳ ಕೋಣೆಯಲ್ಲಿ ಮಂಚದ ತಲೆಭಾಗಕ್ಕೆ ತಾಗಿಸಿ ಬಟ್ಟೆಯ ಬೀರು ನಿಲ್ಲಿಸಿತ್ತು. ಹೊಲಿಸ್ ಅದನ್ನು ಸರಿಸಿದ. ಹಿಂದೆ ಗೋಡೆ ಬೆಳ್ಳಗಿತ್ತು, ಬರೀ ಬಿಳಿ ಎಂದು ನೊಮಿಕಿ ಅಂದುಕೊಳ್ಳುವಷ್ಟರಲ್ಲಿ ಅವನು ದೀಪ ಹಿಡಿದ. ಸೂರಿನಿಂದ ನೆಲದವರೆಗೆ ಅಂಕುಡೊಂಕಾದ ಉದ್ದ ಗೆರೆ, ಅದರ ತುಂಬ ಹೊಳೆಯುವ ಬಿಳಿ ಪದಾರ್ಥ. ಅವನು ಉಗುರಿನಿಂದ ಕೆರೆದು ಮೂಸಿ ನೋಡಿದ.

"ಇದು ಪುಟ್ಟಿ ಅಲ್ಲ ಮೇಡಂ. ಹಲ್ಲುಜ್ಜೋ ಪೇಸ್ಟ್."

ನೊಮಿಕಿಯೂ ಮೂಸಿದಳು. ಪುದೀನಾ. ಬೀರಿನ ಹಿಂದೆ ನೆಲದಲ್ಲಿ ಹಿಂಡಿ ಸುರುಟಿದ ನಾಲ್ಕೈದು ಟ್ಯೂಬುಗಳು ಬಿದ್ದಿದ್ದವು. ಮಗಳು ಕೆಲಸ ಮಾಡುವ ಅಂಗಡಿಯ ಚೀಟಿ ಇನ್ನೂ ಅಂಟಿತ್ತು.

"ಯಾರು ಹಾಕಿದ್ದು?"

"ನಾನೇ," ಅಂದಳು ನೊಮಿಕಿ.

ಅವನು ಅವಳ ಮುಖವನ್ನೂ ಟ್ಯೂಬುಗಳನ್ನೂ ನೋಡಿದ. ಬಿರುಕಿನೊಳಗೆ ಪಟ್ಟಿಯ ಅಂಚು ತೂರಿಸಿದ. ಅದು ಸಲೀಸಾಗಿ ಒಳಗೆ ಹೋಯಿತು.

ಮೇಜಿನ ಬಳಿ ಕೂರಿಸಿ ಅವಳು ಹಬ್ಬದ ಸಿಹಿ ಬ್ರೆಡ್ಡು ಕೊಟ್ಟಳು. ಅವನು ತಿಂದು ಹೇಳಿದ: "ಕೆಳಗೇನಿದೆ ಅಂತ ನಾನು ಹೇಳೋಕಾಗಲ್ಲ. ಮೇಲಿಂದ ನೋಡಿ ಯಾರೂ ಹೇಳೋಕಾಗಲ್ಲ. ಆದ್ರೆ ಈ ಗೋಡೆ ಸರಿದಿದೆ, ಅದನ್ನ ಬರೀಲೇಬೇಕು. ಬರೆದ್ರೆ ಹೊಸ ಕಂಪನಿ ಆ ವಿಮೆ ಕೊಡಲ್ಲ."

"ಹಂಗಾದ್ರೆ ಮುಗೀತು."

"ನಿಮ್ಮ ಹಳೇ ಪಾಲಿಸಿ ಮೇ ಕೊನೇವರ್ಗೂ ಇದೆಯಲ್ಲ. ಅದ್ರಲ್ಲಿ ಆ ಭಾಗ ಇದೆ. ಗೋಡೆ ಸೀಳಿದೆ ಅಂತ ಅವರಿಗೆ ತಿಳಿಸಿದ್ರೆ ಕೊರೆದು ನೋಡೋದು ಅವರ ಜವಾಬ್ದಾರಿ. ಅದೂ ದಾಖಲಾಗತ್ತೆ. ಮಾಡಿ ಅಂತ ನಾನು ಹೇಳಲ್ಲ, ಮಾಡ್ಬೇಡಿ ಅಂತಾನೂ ಹೇಳಲ್ಲ. ನನ್ನ ಮಗಳ ಮಂಚ ಆ ಗೋಡೆ ಪಕ್ಕ ಇದ್ದಿದ್ರೆ ಮಾತ್ರ ಇವತ್ತೇ ಆಚೆ ಎಳೀತಿದ್ದೆ."

ಸಂಜೆ ಕಲೊತಿನಾ ಬಂದಾಗ ಅವಳ ಮಂಚ ಹಜಾರದ ನಡುವೆ ಇತ್ತು, ಟ್ಯೂಬುಗಳು ಮೇಜಿನ ಮೇಲೆ ಸಾಲಾಗಿದ್ದವು. ಅವಳು ಚೀಲವನ್ನು ಹೆಗಲಿನಿಂದ ಇಳಿಸದೆ ನಿಂತಳು.

"ಯಾವಾಗಿಂದ?" ಅಂದಳು ನೊಮಿಕಿ.

"ಎರಡು ವರ್ಷ. ಮೊದ್ಲು ಕೂದ್ಲೆಳೆಯಷ್ಟಿತ್ತು. ಆಮೇಲೆ ಉಗುರು ಹೋಗೋಷ್ಟು. ತುಂಬ್ಸಿದ್ರೆ ಮತ್ತೆ ಬಿಡತ್ತೆ. ಅದಕ್ಕೇ ಬೀರು ತಂದಿಟ್ಟೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮನೆ ಕೊಡ್ತಿದ್ಯಾ?"

"ಕೊಡ್ತಿರ್ಲಿಲ್ಲ."

"ಆಗ ಜನ ಏನಂತಿದ್ರು? ನೊಮಿಕಿ ಮಗಳನ್ನ ಬರಿಗೈಲಿ ಕಳಿಸಿದ್ಲು ಅಂತಿದ್ರು. ಅಜ್ಜಿ ನಿಂಗೆ ಕೊಟ್ಲು, ನೀನು ನಂಗೆ ಕೊಡ್ಲಿಲ್ಲ ಅಂತಿದ್ರು. ನೀನು ಇಗರ್ಜಿಗೆ ತಲೆ ಎತ್ಕೊಂಡು ಹೋಗೋದು ಅಂದ್ರೆ ಎಷ್ಟು ಇಷ್ಟ ಅಂತ ನಂಗೊತ್ತಿಲ್ವಾ?"

ತನ್ನ ಮಾನ ಉಳಿಸಲು ಮಗಳು ಎರಡು ವರ್ಷ ಆ ಗೋಡೆಯ ಬುಡದಲ್ಲಿ ತಲೆಯಿಟ್ಟು ಮಲಗಿದ್ದಳು. ಪ್ರತಿ ಸದ್ದಿಗೂ ಎದ್ದು ಕೂತಿರಬೇಕು, ಬೆಳಗ್ಗೆ ನಗುತ್ತ ಕೆಲಸಕ್ಕೆ ಹೋಗಿರಬೇಕು. ಇಂಥ ಮಗಳನ್ನು ಬೆಳೆಸಿದ್ದಕ್ಕೆ ಹೆಮ್ಮೆ ಪಡಬೇಕೋ, ಅವಳಿಗೆ ಮಾನದ ಹೆಸರಿನಲ್ಲಿ ಇದನ್ನು ಕಲಿಸಿದ್ದಕ್ಕೆ ಕೆನ್ನೆಗೆ ಹೊಡೆದುಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ಮಗಳ ಹೆಗಲಿನ ಚೀಲ ತೆಗೆದು ಕುರ್ಚಿಯ ಮೇಲಿಟ್ಟು ಅವಳನ್ನು ಅಪ್ಪಿಕೊಂಡಳು, ಇಬ್ಬರೂ ಅತ್ತರು. ಸಕೆಲಾರಿಸ್ ಎದ್ದು, ಅಂಗಳದಲ್ಲಿ ಏನೋ ಕೆಲಸವಿದೆ ಎಂದು ಕುಂಟುತ್ತ ಹೊರಗೆ ಹೋದ.

ಮರುದಿನ ಬೆಳಗ್ಗೆ ಅವಳು ಮಿಕೆಸ್ ಮುಂದೆ ಕಾಗದ ಇಟ್ಟಳು. ಬೇಕು ಎಂಬ ಚೌಕದಲ್ಲಿ ಗುರುತು ಹಾಕಿತ್ತು.

"ಅವರು ಕೊಡಲ್ಲ ಅಂತ ಗೊತ್ತಿದ್ದೂ ಯಾಕೆ ಹಾಕ್ದೆ?"

"ಬೇಡ ಅಂತ ನನ್ನ ಕೈಯಿಂದ ಬರ್ಕೊಡಲ್ಲ. ಬೇಡ ಅನ್ನೋದಾದ್ರೆ ಅವರೇ ಅನ್ಲಿ. ಹಳೇ ಕಂಪನಿಗೆ ಇವತ್ತೇ ಫೋನ್ ಮಾಡು, ಬಂದು ಕೊರೆದು ನೋಡ್ಲಿ."

"ಮನೆ ಹೆಸ್ರು ಹೋಗತ್ತೆ, ನೊಮಿಕಿ. ಬೆಲೆ ಬಿದ್ದುಹೋಗತ್ತೆ."

"ಮಾರೋಕೆ ಇಟ್ಟಿಲ್ಲ ಸಿಂತೆಕ್ನೆ, ಮಗಳಿಗೆ ಕೊಡೋಕ್ ಇಟ್ಟಿರೋದು. ಮಾಡೋ ಫೋನು."

ಕೊರೆಯುವವರು ಮದುವೆಯ ಮರುದಿನ ಸೋಮವಾರ ಬರುವುದೆಂದಾಯಿತು. ಕೆಲಸ ಮುಗಿಯುವವರೆಗೆ ಮನೆಯಲ್ಲಿ ಯಾರೂ ಇರಬಾರದು ಎಂದರು.

ಮದುವೆ ಚೆನ್ನಾಗಿಯೇ ನಡೆಯಿತು. ಇಗರ್ಜಿಯ ಹಿಂದಿನ ಸಭಾಂಗಣದಲ್ಲಿ ಇನ್ನೂರು ಜನ, ಕುರಿಮಾಂಸ, ದ್ರಾಕ್ಷಿ ಎಲೆಯ ಸುರುಳಿ, ಪಿಟೀಲು. ಊಟಕ್ಕೆ ಕೂತ ಮೇಲೆ ತಾಯಿ ಎದ್ದು ಮಗಳ ಕೈಗೆ ಕೀಲಿ ಕೊಡುವುದು ನಮ್ಮ ಬೀದಿಯ ರೂಢಿ. ನೊಮಿಕಿ ಎದ್ದಳು. ಪಿಟೀಲು ನಿಂತಿತು. ಅವಳ ಕೈಯಲ್ಲಿದ್ದದ್ದು ಮನೆಯ ಹಳೆಯ ದೊಡ್ಡ ಕೀಲಿಯಲ್ಲ, ಅಂಗಡಿಯ ಮೇಲಿನ ಕೋಣೆಗಳದು. ಬೀಗಿತ್ತಿ ಕತ್ತು ಚಾಚಿದಳು.

"ಇದ್ಯಾವ ಮನೆ ಕೀಲಿ, ಬೀಗಿತ್ತಿ?"

ಇನ್ನೂರು ಜನ ಚಮಚ ಕೆಳಗಿಟ್ಟರು. ನೊಮಿಕಿ ಕೀಲಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು.

"ಬಾಡಿಗೆ ಕೋಣೆದು. ನನ್ನ ಮನೆ ಕೆಳಗೆ ನೆಲ ಇದೆಯೋ ಇಲ್ವೋ ಗೊತ್ತಿಲ್ಲ. ಗೋಡೆ ಬಿಟ್ಟಿದೆ. ಇಷ್ಟು ವರ್ಷ ಸುಣ್ಣ ಹೊಡ್ದು ಮುಚ್ಚಿಟ್ಟೆ. ನಾಳೆ ಕೊರೆದು ನೋಡ್ತಾರೆ. ನೆಲ ಗಟ್ಟಿ ಆದ್ಮೇಲೆ ಕೊಡ್ತೀನಿ. ಆಗ್ಲಿಲ್ಲ ಅಂದ್ರೆ ಕೊಡಲ್ಲ."

ಮದುಮಗ ಯಾಕುಮಿ ಎದ್ದುನಿಂತು, ಆ ಕೀಲಿಯನ್ನು ತಾನೇ ತೆಗೆದುಕೊಂಡು ಕಲೊತಿನಾಳ ಕೈಗಿಟ್ಟು, ಅತ್ತೆಯ ಕೈಗೆ ಮುತ್ತಿಟ್ಟ. ಅವನ ತಾಯಿ ತಟ್ಟೆ ನೋಡುತ್ತ ಕೂತಳು. ನೊಮಿಕಿ ಕೂತ ಮೇಲೆ ಪಕ್ಕದಲ್ಲಿದ್ದ ಎವ್ದೊಕಿಯಾ ಅವಳ ಕಡೆ ಬಾಗಿದಳು.

"ಮತ್ತೆ ನೀವಿಬ್ರೂ ಎಲ್ಲಿ ಮಲಗ್ತೀರ? ನಮ್ಮನೆಗೆ ಬನ್ನಿ. ಎಷ್ಟು ದಿನ ಆದ್ರೂ ಇರಿ."

"ನಿಮ್ಮನೆ ಗೋಡೆ ಹೇಗಿದೆ, ಎವ್ದೊಕಿಯಾ?"

ಕೇಳಿದ್ದು ತಮಾಷೆಗೆ. ಎವ್ದೊಕಿಯಾ ನಗಲಿಲ್ಲ. ಕೈಯಲ್ಲಿದ್ದ ಬ್ರೆಡ್ಡಿನ ತುಂಡನ್ನು ಪುಡಿ ಪುಡಿ ಮಾಡಿದಳು. ಆಮೇಲೆ ಎದುರಿಗೆ ಕೂತಿದ್ದವರಿಗೂ ಕೇಳುವ ಹಾಗೆ ಹೇಳಿದಳು.

"ಅಡುಗೆಮನೆ ಕಡೇದು ಚೆನ್ನಾಗಿಲ್ಲ. ಆರು ವರ್ಷ ಆಯ್ತು. ಮುಂದಿನ ಕೋಣೇಲಿ ಹಾಸಿಗೆ ಹಾಕ್ತೀನಿ, ಅಲ್ಲಿ ಪರವಾಗಿಲ್ಲ."